ಸಾಹುಕಾರರ ಮಳೆ ಮಷೀನು

ವಿಜಯಪುರದ ಕಡೆ ಗುರುಪಾದಪ್ಪ ಎಂಬ ಸಾಹುಕಾರರಿದ್ದರು... ದೊಡ್ಡ ದ್ರಾಕ್ಷಿ ತೋಟ, ಒಣದ್ರಾಕ್ಷಿ ಮಾಡುವ, ಗಾಳಿಯಾಡಲು ಬದಿಗಳೆಲ್ಲ ತೆರೆದ ಇನ್ನೂ ದೊಡ್ಡ ಶೆಡ್.

ಒಣಗುತ್ತಿರುವ ದ್ರಾಕ್ಷಿಗೆ ಮಳೆ ತಾಗಿದರೆ ಮುಗಿಯಿತು. ಕಪ್ಪಾಗುತ್ತದೆ, ಬೂಸು ಹಿಡಿಯುತ್ತದೆ... ವರ್ಷದ ದುಡಿಮೆ ತಿಪ್ಪೆಗೆ.

ಅದಕ್ಕೇ ಅಲ್ಲಿನ ಬೆಳೆಗಾರರ ಸಹಕಾರ ಸಂಘ ಸದಸ್ಯರ ಹೊಲಗಳಲ್ಲಿ ಗಾಳಿ, ಮಳೆ ಅಳೆಯುವ ಸಣ್ಣ ಮಷೀನುಗಳನ್ನು ಇಟ್ಟಿತು. ಎಲ್ಲಿ ಹನಿ ಬಿದ್ದರೂ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರಿಗೂ ಸುದ್ದಿ.

ಸಾಹುಕಾರರು ಮಾತ್ರ ಸೇರಲಿಲ್ಲ. ಎಲ್ಲರದಕ್ಕಿಂತ ದುಬಾರಿ ಮಷೀನನ್ನು ತಾವೇ ತರಿಸಿ ಶೆಡ್ಡಿನ ಮೇಲೆ ನಿಲ್ಲಿಸಿಕೊಂಡರು.

"ನನ್ನ ಮಷೀನು, ನನ್ನ ಸುದ್ದಿ. ಊರಿಗೆಲ್ಲಾ ಯಾಕ ಹಂಚ್ಲಿ?"

ಹೋದ ಬೇಸಿಗೆ ಪೂರ್ವದಿಂದ ಮಳೆ ಬಂತು. ಜಿಟಿಜಿಟಿ ಶುರುವಾದಾಗಲೇ ಮಷೀನು ಫೋನಿಗೆ ತಿಳಿಸಿತು. ಸಾಹುಕಾರರು ತಾಡಪತ್ರಿ ಎಳೆಸಿ, ಹಾಯಾಗಿ ಚಹಾ ಕುಡಿದರು. ಯಾರಿಗೂ ಹೇಳಲಿಲ್ಲ...

ಅದೇ ಮಳೆ ಜೋರಾಗಿ ಪಶ್ಚಿಮಕ್ಕೆ ಹೋಗಿ, ಕಸ್ತೂರಿಬಾಯಿ ಎಂಬ ಸಣ್ಣ ಬೆಳೆಗಾರ್ತಿಯ ದ್ರಾಕ್ಷಿಯನ್ನೆಲ್ಲ ನೆನೆಸಿ ಹಾಳುಮಾಡಿತು. ಆಕೆಯ ಹೊಲದ ಪೂರ್ವಕ್ಕೆ ಇದ್ದದ್ದು ಸಾಹುಕಾರರ ಮಷೀನು ಒಂದೇ; ಗ್ರೂಪಿಗೆ ಸುದ್ದಿಯೇ ಬಂದಿರಲಿಲ್ಲ.

ಈ ಬೇಸಿಗೆ... ಒಂದು ಮಧ್ಯಾಹ್ನ ಸಾಹುಕಾರರ ಫೋನು ರಿಂಗಾಯಿತು.

"ಸಾವ್ಕಾರ್ರ, ನಾ ಕಸ್ತೂರಿಬಾಯಿ. ನಮ್ಮಲ್ಲಿ ಆಣೆಕಲ್ಲು ಮಳಿ ಬಡ್ಯಾಕತ್ತೈತ್ರಿ! ಗಾಳಿ ನಿಮ್ಮ ಕಡೀಗೇ ಹೊಂಟೈತಿ. ಲಗೂನ ತಾಡಪತ್ರಿ ಎಳಸ್ರಿ!"

ಸಾಹುಕಾರರು ತಮ್ಮ ಮಷೀನು ನೋಡಿದರು. ಮಳೆ... ಸೊನ್ನೆ. ಹೊರಗೆ ಸುಡುಬಿಸಿಲು. ಆದರೂ ಆಕೆಯ ದನಿಯ ಗಾಬರಿ ಕೇಳಿ ಆಳುಗಳನ್ನು ಕೂಗಿದರು.

ಕೊನೆಯ ಹಗ್ಗ ಬಿಗಿಯುವಷ್ಟರಲ್ಲಿ ರಪರಪನೆ ಬಿತ್ತು ನೋಡಿ ಮಳೆ! ಆಗ ಆ ದುಬಾರಿ ಮಷೀನು "ಮಳೆ ಬರುತ್ತಿದೆ" ಎಂದು ಸುದ್ದಿ ಕೊಟ್ಟಿತು... ಸಾಹುಕಾರರು ಆಗಲೇ ತೊಯ್ದು ತೊಪ್ಪೆಯಾಗಿದ್ದರು.

ಮರುದಿನ ಅವರು ಆಕೆಯ ಶೆಡ್ಡಿಗೆ ಹೋದರು. ಅಲ್ಲಿ ಒಂದು ಕಾಳೂ ನೆನೆದಿರಲಿಲ್ಲ. ಆಕೆಗಿಂತಲೂ ಪಶ್ಚಿಮಕ್ಕಿದ್ದ ಬೆಳೆಗಾರರು ಗ್ರೂಪಿನಲ್ಲಿ ಆಕೆಗೆ ಮೊದಲೇ ಹೇಳಿದ್ದರು.

ಸಾಹುಕಾರರಿಗೆ ತಲೆ ಎತ್ತಲಾಗಲಿಲ್ಲ.

"ಹ್ವಾದ ವರ್ಷ ನಾ ನಿನಗ ಹೇಳಿರ್ಲಿಲ್ಲ, ಯವ್ವಾ... ಮರ್ತಿಯೇನು?"

"ಮರ್ತಿಲ್ರಿ. ಅದಕ್ಕ ಹೇಳಿದೆ... ಯಾರೂ ಹೇಳದಿದ್ರ ಏನಾಗ್ತೈತಿ ಅನ್ನೂದು ನನಗ ಗೊತ್ತೈತಲ್ರಿ."

ಸಾಹುಕಾರರ ಕಣ್ಣು ತುಂಬಿ ಬಂತು. ಅಲ್ಲೇ ನಿಂತು ಸಂಘಕ್ಕೆ ಫೋನು ಮಾಡಿದರು... "ನನ್ನನ್ನೂ ಗ್ರೂಪಿಗೆ ಸೇರಿಸ್ಕೊಳ್ರಿ."

*ನಮ್ಮ ಮಷೀನು ಹೇಳುವುದು ನಮ್ಮ ಮೇಲೆ ಬಿದ್ದ ಮಳೆಯನ್ನು... ಬರಲಿರುವ ಮಳೆಯನ್ನು ಹೇಳುವವರು ನೆರೆಯವರೇ.*

ನಿಮಗೆ ಮೊದಲೇ ಗೊತ್ತಾದ ಯಾವ ಸುದ್ದಿಯನ್ನು ನೀವು ಯಾರಿಗೂ ಹೇಳದೆ ಇಟ್ಟುಕೊಂಡಿದ್ದೀರಿ?