ಅಳುವ ಪಾಠ

“ಅಳ್ರಿ,” ಎಂದರು ವಕೀಲ ಹನುಮೇಶ.

ರೇಣುಕವ್ವ ಪ್ರಯತ್ನಪಟ್ಟಳು. ಮುಖವೇನೋ ಹುಳಿ ಮಾವಿನಕಾಯಿ ಕಚ್ಚಿದವಳ ಹಾಗಾಯಿತು, ಕಣ್ಣಲ್ಲಿ ಮಾತ್ರ ಒಂದು ಹನಿಯೂ ಬರಲಿಲ್ಲ. ಹಾವೇರಿ ಕೋರ್ಟಿನ ಪಡಸಾಲೆಯಲ್ಲಿ ವಕೀಲರು ಬೆಳಿಗ್ಗೆಯಿಂದ ಅವಳಿಗೆ ಇದನ್ನೇ ಕಲಿಸುತ್ತಿದ್ದರು. ಎರಡು ವರ್ಷದ ಹಿಂದೆ ಅವಳ ಗಂಡ ಮೈಲಾರೆಪ್ಪ ಹಾಡುಹಗಲೇ ಕಂಠಮಟ್ಟ ಕುಡಿದು ಟೆಂಪೊ ಓಡಿಸಿ, ಡ್ಯೂಟಿ ಮುಗಿಸಿ ಬೈಕಿನಲ್ಲಿ ಮೋಟೆಬೆನ್ನೂರಿಗೆ ಹೊರಟಿದ್ದ ಜಾಕೀರ್ ಎಂಬ ಯುವಕನ ಜೀವ ತೆಗೆದಿದ್ದ. ಹೋದ ಸೋಮವಾರ ಅಪರಾಧ ಸಾಬೀತಾಗಿ ಒಳಗೆ ಹೋದವನಿಗೆ, ಶಿಕ್ಷೆ ಎಷ್ಟೆಂದು ಹೇಳುವ ದಿನ ಇವತ್ತು. ಹೆಂಡತಿ ಚೆನ್ನಾಗಿ ಅತ್ತರೆ ಒಂದೆರಡು ವರ್ಷ ಕಡಿಮೆಯಾದೀತೆಂದು ವಕೀಲರ ಅಂದಾಜು.

“ಉಳ್ಳಾಗಡ್ಡಿ ಏನರ ತರಸಲೇನ್ರಿ?”

“ಖಾನಾವಳ್ಯಾಗ ದಿನಾ ಬುಟ್ಟಿಗಟ್ಲೆ ಹೆಚ್ಚತೇನ್ರಿ. ಉಳ್ಳಾಗಡ್ಡಿ ನನಗೇನೂ ಮಾಡಂಗಿಲ್ಲ.”

“ಬ್ಯಾಡಗಿಯವ್ರು ನೀವು. ಚೀಲದಾಗ ಒಂದ್ಚೂರು ಖಾರಪುಡಿ ಇಲ್ಲೇನು?”

“ನಮ್ಮೂರ ಮೆಣಸಿನಕಾಯಿ ಬಣ್ಣಕ್ಕ ಹೆಸರಾಗೇತ್ರಿ ವಕೀಲ್ರ, ಉರಿಗಲ್ಲ. ಕಣ್ಣು ಬರೇ ಕೆಂಪಾಗತಾವ.”

“ಹಂಗಾರ ನನ್ನ ನೋಡಿ ಕಲೀರಿ,” ಎಂದು ವಕೀಲರು ಕರಿಕೋಟಿನ ತೋಳಿಗೆ ಮುಖ ಒತ್ತಿ, ದೊಡ್ಡ ದನಿ ತೆಗೆದು ತಾವೇ ಅತ್ತು ತೋರಿಸಿದರು. ಆ ಕಡೆ ಹೊರಟಿದ್ದ ಪೊಲೀಸನೊಬ್ಬ ನಿಂತು, ಸಾಹೇಬರು ಯಾವ ಕೇಸು ಸೋತರೆಂದು ವಿಚಾರಿಸಿಕೊಂಡು ಹೋದ.

“ಹಂಗ ಯಾರೂ ಅಳಂಗಿಲ್ರಿ,” ಎಂದಿತು ಬೆಂಚಿನ ಆಚೆ ತುದಿಯಿಂದ ಒಂದು ದನಿ.

ಅಮೀರಬಿ. ಸತ್ತ ಜಾಕೀರನ ತಾಯಿ. ಅಲ್ಲಿ ನೆರಳಿಗಿದ್ದದ್ದು ಅದೊಂದೇ ಬೆಂಚು. ಎರಡು ವರ್ಷದಿಂದ ತಾರೀಖು ಬಂದಾಗಲೆಲ್ಲ ಇಬ್ಬರೂ ಅದರ ಒಂದೊಂದು ತುದಿಗೆ ಕೂತು ಎದ್ದು ಹೋಗಿದ್ದರೇ ವಿನಾ ಒಂದು ಮಾತೂ ಆಡಿರಲಿಲ್ಲ.

“ಖರೇ ಅಳು ಬಂದ್ರ ದನಿ ಹೊರಡಂಗಿಲ್ಲ,” ಎಂದಳು ಅಮೀರಬಿ, ಎದುರಿನ ಗೋಡೆ ನೋಡುತ್ತ. “ಬಾಯಿ ತಗೀತೈತಿ, ಅಷ್ಟ. ದನಿ ಬರಾಕ ಭಾಳ ದಿನ ಬೇಕು.”

ವಕೀಲರು ಒಳ್ಳೆಯ ವಿದ್ಯಾರ್ಥಿಯ ಹಾಗೆ ತಲೆಯಾಡಿಸಿ, “ಕೇಳಿದ್ರಿಲ್ಲ ರೇಣುಕವ್ವಾ? ಹಂಗ ಮಾಡ್ರಿ,” ಎಂದುಬಿಟ್ಟರು. ಹೇಳಿದವರು ಯಾರೆಂಬುದು ಆಮೇಲೆ ಹೊಳೆದು, ಬಾರದ ಫೋನನ್ನು ಕಿವಿಗೆ ಹಿಡಿದು ಅಲ್ಲಿಂದ ಜಾಗ ಖಾಲಿ ಮಾಡಿದರು. ರೇಣುಕವ್ವನಿಗೆ ಬೆಂಚಿನ ಕೆಳಗೆ ಹೋಗಿ ಅಡಗಿಕೊಳ್ಳಬೇಕೆನಿಸಿತು.

ಒಳಗೆ, ಹೇಳುವುದೇನಾದರೂ ಇದೆಯೇ ಎಂದು ನ್ಯಾಯಾಧೀಶರು ಕೇಳಿದಾಗ ಮೈಲಾರೆಪ್ಪ ಕೈಮುಗಿದ. “ಕುಡಿಯೂದು ಬಿಟ್ಟೇನ್ರಿ ಸಾಹೇಬ್ರ.”

“ಯಾವಾಗಿನಿಂದ?”

ಅಪಘಾತ ಆದ ದಿನದಿಂದ ಎಂದು ವಕೀಲರು ಬಾಯಿಪಾಠ ಮಾಡಿಸಿದ್ದರು. ಮೈಲಾರೆಪ್ಪ ಮೇಲೆ ನೋಡಿ ಪ್ರಾಮಾಣಿಕವಾಗಿ ಯೋಚಿಸಿ, “ಹೋದ ಸೋಮವಾರದಿಂದ್ರಿ,” ಎಂದ.

ಕೂತವರು ಕೆಮ್ಮುವ ನೆಪದಲ್ಲಿ ಬಾಯಿಗೆ ಕರವಸ್ತ್ರ ಹಿಡಿದರು. ವಕೀಲರು ಅವಸರದಿಂದ ಎದ್ದು, ಇವನ ಹೆಂಡತಿಯ ಮಾತನ್ನೂ ಒಂದಿಷ್ಟು ಕೇಳಬೇಕೆಂದು ಬೇಡಿಕೊಂಡರು. ರೇಣುಕವ್ವ ಮುಂದೆ ಬಂದು ನಿಂತಳು.

“ಮನೆ ಯಾರ ದುಡಿಮೆಯಿಂದ ನಡೆಯುತ್ತದಮ್ಮಾ?” ಎಂದು ನ್ಯಾಯಾಧೀಶರು ಕೇಳಿದರು.

ಇವರೊಬ್ಬರ ದುಡಿಮೆ ಮೇಲೆ ಎನ್ನಬೇಕಿತ್ತು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದ ಅಮೀರಬಿ ಕಣ್ಣಿಗೆ ಬಿದ್ದಳು.

“ನನ್ನ ದುಡಿಮ್ಯಾಗ್ರಿ.”

“ಮತ್ತೆ ಇವರು?”

“ಊಟಕ್ಕ ಬರತಾರ್ರಿ.”

ವಕೀಲರು ಮುಖವನ್ನು ಫೈಲಿನೊಳಗೆ ಇಟ್ಟುಕೊಂಡರು.

“ಹಾಗಾದರೆ ಇವರು ಒಳಗಿದ್ದರೆ ನಿಮಗೇನೂ ತೊಂದರೆಯಿಲ್ಲ?”

ಐತ್ರಿ ಎನ್ನಲು ರೇಣುಕವ್ವ ಬಾಯಿ ತೆರೆದಳು. ಕುಡಿಯದ ದಿನ ಅವನು ಒಲೆಯ ಮುಂದೆ ಕೂತು, ಅವಳು ಬಡಿದು ಹಾಕಿದ ರೊಟ್ಟಿಗಳನ್ನು ಬೇಯಿಸಿ ಕೊಡುತ್ತಿದ್ದ. ಒಂದನ್ನೂ ಹೊತ್ತಿಸುತ್ತಿರಲಿಲ್ಲ. ಅಂಥ ದಿನಗಳು ಹೆಚ್ಚಿರಲಿಲ್ಲ, ಆದರೆ ಇದ್ದವು. ಅದನ್ನು ಇಷ್ಟು ಜನರ ಮುಂದೆ ಹೇಗೆ ಹೇಳುವುದೋ ತಿಳಿಯದೆ ಬಾಯಿ ತೆರೆದೇ ಉಳಿಯಿತು. ಗಂಟಲಿನಿಂದ ಏನೂ ಹೊರಡಲಿಲ್ಲ. ಫೈಲಿನ ಮರೆಯಿಂದ ವಕೀಲರು ‘ದನಿ, ದನಿ’ ಎಂದು ಕೈಸನ್ನೆ ಮಾಡಿದರು. ನ್ಯಾಯಾಧೀಶರು ಸ್ವಲ್ಪ ಹೊತ್ತು ಕಾದು, ಹೇಳುವುದು ಮುಗಿಯಿತೆಂದು ತಿಳಿದು, “ಕೂತುಕೊಳ್ಳಿ,” ಎಂದರು. ಹಿಂದಿನ ಸಾಲಿನಲ್ಲಿ ಅಮೀರಬಿಯೊಬ್ಬಳೇ ತಲೆ ತಗ್ಗಿಸಿದಳು.

ಐದು ವರ್ಷ ಶಿಕ್ಷೆಯಾಯಿತು.

ಪೊಲೀಸರು ಕರೆದೊಯ್ಯುವಾಗ ಮೈಲಾರೆಪ್ಪ ಹೆಂಡತಿಯ ಎದುರು ನಿಂತ. ಶಿಕ್ಷೆಗಿಂತ ಬೇರೆಯದೇ ಅವನನ್ನು ಕೊರೆಯುತ್ತಿದ್ದಂತಿತ್ತು. “ಊಟಕ್ಕಷ್ಟ ಬರತಿದ್ನೇನ ನಾನು?” ಎಂದು ಕೇಳಿದ. ಪೊಲೀಸರು ಅವನನ್ನು ವ್ಯಾನಿಗೆ ಹತ್ತಿಸಿ ಬಾಗಿಲು ಹಾಕಿದರು. ಹನುಮೇಶ ವಕೀಲರು ಕೋಟು ಬಿಚ್ಚಿ ತೋಳಿಗೆ ಹಾಕಿಕೊಂಡು, “ಇಷ್ಟು ಚೊಲೋ ಸಾಕ್ಷಿ ಸರಕಾರಿ ವಕೀಲರಿಗೂ ಸಿಕ್ಕಿರಲಿಲ್ಲ ಬಿಡ್ರಿ,” ಎಂದು ಹೊರಟುಹೋದರು.

ಬ್ಯಾಡಗಿ ಬಸ್ಸು ತುಂಬಿ ತುಳುಕುತ್ತಿತ್ತು. ಖಾಲಿಯಿದ್ದದ್ದು ಅಮೀರಬಿಯ ಪಕ್ಕದ ಸೀಟೊಂದೇ. ರೇಣುಕವ್ವ ಕಂಬಿ ಹಿಡಿದು ನಿಂತೇ ಇದ್ದಳು. ಅಮೀರಬಿ ತನ್ನ ಕೈಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು, “ಕುಂದ್ರವಾ,” ಎಂದಳು. ರೇಣುಕವ್ವ ಸೀಟಿನ ತುದಿಗೆ ಕೂತಳು.

ಮೋಟೆಬೆನ್ನೂರು ಬಂದು ಬಸ್ಸು ನಿಧಾನವಾದಾಗ ಅಮೀರಬಿ ಕೇಳಿದಳು: “ಜೇಲಿನ್ಯಾಗ ಭೇಟಿಗೆ ಬಿಡ್ತಾರಂತಲ್ಲ?”

“ಬಿಡ್ತಾರಂತ್ರಿ. ವಾರಕ್ಕೊಮ್ಮೆ.”

“ತಪ್ಪಸಬ್ಯಾಡ, ಹೋಗಿ ಬಾ.” ಅಮೀರಬಿ ಎದ್ದು ಸೆರಗು ಸರಿ ಮಾಡಿಕೊಂಡಳು. “ನಮ್ಮಾಗ ಹೆಣ್ಮಕ್ಕಳನ್ನ ಕಬರಸ್ತಾನಕ್ಕ ಬಿಡಂಗಿಲ್ಲ.”