ಮೊದಲ ಸಾಲಿನ ಗೊರಕೆ

ಹಿರಿಯ ಗಾಯಕರು ಆಲಾಪವನ್ನು ಅರ್ಧಕ್ಕೇ ನಿಲ್ಲಿಸಿದಾಗ ಸಂಗೀತದ ಟೀಚರ್ ಗಾಬರಿಯಿಂದ ಪಕ್ಕಕ್ಕೆ ತಿರುಗಿದರು. ಮೊದಲ ಸಾಲಿನಲ್ಲಿ ಅವರ ತೋಳಿಗೊರಗಿ, ಮಕ್ಕಳ ಗಾಯನ ತಂಡದ ಅತಿ ಚಿಕ್ಕವಳಾದ ಗುಬ್ಬಿ ಗೊರಕೆ ಹೊಡೆಯುತ್ತಿದ್ದಳು. ತಂಡದ ಅಭ್ಯಾಸದ ಕೋಣೆ ಉಳಿಯಬೇಕಿದ್ದರೆ ಬಾಡಿಗೆಗೆ ಹಣ ಕೂಡಿಸಲು ಇಟ್ಟಿದ್ದ ಈ ಸಂಗೀತ ಕಚೇರಿ ಗೆಲ್ಲಬೇಕಿತ್ತು. ಅದಕ್ಕೆಂದೇ ಸಂಭಾವನೆ ಬೇಡವೆಂದು ಹಾಡಲು ಬಂದಿದ್ದ ಗಾಯಕರಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಹಿಂದೊಮ್ಮೆ ಯಾರದೋ ಫೋನ್ ಸದ್ದು ಮಾಡಿತೆಂದು ಕಚೇರಿಯನ್ನೇ ಬಿಟ್ಟು ಎದ್ದುಹೋದವರು ಅವರು.

"ಏಳೇ ಗುಬ್ಬಿ, ಏಳಮ್ಮ," ಎಂದು ಟೀಚರ್ ಕೆನ್ನೆ ತಟ್ಟಿದರು. ಬೆಳಗಿನಿಂದ ಹಾಡಿ ದಣಿದಿದ್ದ ಮಗು ಮಿಸುಕಲಿಲ್ಲ.

"ಎಬ್ಬಿಸಬೇಡಿ ಟೀಚರ್," ಮೈಕಿನಲ್ಲಿ ಗಾಯಕರ ದನಿ ಕೇಳಿತು. "ನನ್ನ ಹಾಡು ಕೇಳ್ತಾ ನಿದ್ದೆ ಹೋದವರು ಬೇಕಾದಷ್ಟು ಜನ ಇದ್ದಾರೆ. ಕದ್ದುಮುಚ್ಚಿ ಮಾಡದೆ ನೆಮ್ಮದಿಯಾಗಿ ಮಲಗಿದ್ದು ಇವಳೊಬ್ಬಳೇ."

ಸಭಾಂಗಣವೆಲ್ಲ ನಕ್ಕಿತು. ಗಾಯಕರು ವೇದಿಕೆಯ ಅಂಚಿಗೆ ಬಂದು, ಹೆಗಲ ಮೇಲಿನ ಶಾಲು ತೆಗೆದು ಕೆಳಗೆ ಚಾಚಿದರು. "ಚಳಿ ಇದೆ, ಹೊದಿಸಿ." ಮತ್ತೆ ಕೂತು, ಮೆಲ್ಲಗೆ ನುಡಿಸುವಂತೆ ಹಾರ್ಮೋನಿಯಂನವರಿಗೆ ಬೆರಳಿನಲ್ಲೇ ಸನ್ನೆ ಮಾಡಿ, ಬಿಟ್ಟ ಸ್ವರವನ್ನು ಜೋಗುಳದಷ್ಟು ತಗ್ಗಿದ ದನಿಯಲ್ಲಿ ಎತ್ತಿಕೊಂಡರು. ಟೀಚರ್ ಶಾಲು ಸುತ್ತಿ ಮಗುವನ್ನು ಮಡಿಲಿಗೆಳೆದುಕೊಂಡರು. ಕೈ ಮುಗಿಯೋಣವೆಂದರೆ ಎರಡೂ ಕೈ ತುಂಬ ಗುಬ್ಬಿ. ಅವರು ಸುಮ್ಮನೆ ತಲೆ ಬಾಗಿಸಿದರು.