ಹಲಸಿನಕಾಯಿ ಚಿಪ್ಪು

ಆಮೆ ಸಾಕುವವರ ಆ ವಾಟ್ಸಾಪ್ ಗುಂಪಿನಲ್ಲಿ ಯಾರೂ ಹೆಸರು, ವಿಳಾಸ ಹೇಳುತ್ತಿರಲಿಲ್ಲ. ಒಬ್ಬರ ಆಮೆಯನ್ನು ಇನ್ನೊಬ್ಬರು ಹಳಿಯುವುದಕ್ಕೆ ಮಾತ್ರ ಯಾರೂ ಹಿಂದೆಮುಂದೆ ನೋಡುತ್ತಿರಲಿಲ್ಲ. ಎಲ್ಲರಿಗಿಂತ ಜೋರು ಬಾಯಿ ಗುಂಪಿನ ಒಬ್ಬ ಹೆಂಗಸಿನದು.

ಹೊಸದಾಗಿ ಸೇರಿದವನೊಬ್ಬ ನಕ್ಷತ್ರ ಆಮೆಯ ಫೋಟೋ ಹಾಕಿದ. ಚಿಪ್ಪಿನ ತುಂಬ ಉಬ್ಬುಗಳೆದ್ದಿದ್ದವು.

"ಏನ್ರೀ ಇದು, ಆಮೇನೋ ಹಲಸಿನಕಾಯೋ?" ಆಕೆಯ ವಾಯ್ಸ್ ಮೆಸೇಜ್ ತಕ್ಷಣ ಬಂತು. "ಅನ್ನ ಹಾಕ್ತಿದ್ದೀರಾ? ಬಿಸಿಲಿಗೆ ಬಿಡ್ತೀರೋ ಇಲ್ವೋ?"

"ಗೊತ್ತಾಗ್ತಿಲ್ಲ ಮೇಡಂ. ಚೆನ್ನಾಗಿರೋ ಚಿಪ್ಪು ಹೇಗಿರತ್ತೆ ಅಂತ ನಾನು ನೋಡೇ ಇಲ್ಲ."

ಅಷ್ಟು ಸಾಕಾಯಿತು. ಆಕೆ ಮನೆಯ ವಿಳಾಸ ಕಳಿಸಿಬಿಟ್ಟಳು.

ಮರುದಿನ ಬೆಳಿಗ್ಗೆ ಅವನು ಇನ್ನಿಬ್ಬರನ್ನು ಕರೆದುಕೊಂಡು ಬಂದ. ಬಾಲ್ಕನಿಯ ಬಿಸಿಲಿನಲ್ಲಿ ಮೂರು ನಕ್ಷತ್ರ ಆಮೆಗಳು ದಾಸವಾಳದ ಎಲೆ ತಿನ್ನುತ್ತಿದ್ದವು.

"ಮುಟ್ಟಿ ನೋಡಿ, ಎಷ್ಟು ನಯವಾಗಿದೆ! ಆರು ವರ್ಷದಿಂದ ಮೂರನ್ನೂ ನಾನೇ ಸಾಕಿರೋದು. ಬರ್ಕೊಳ್ರೀ, ಆಮೇಲೆ ಮರೆತುಬಿಡ್ತೀರಾ."

ಅವನು ಎಲ್ಲವನ್ನೂ ಬರೆದುಕೊಂಡು ಹಾಳೆಯನ್ನು ಆಕೆಯ ಮುಂದೆ ಹಿಡಿದ.

"ಇಲ್ಲೊಂದು ಸೈನ್ ಮಾಡಿ ಮೇಡಂ. ನಾವು ಅರಣ್ಯ ಇಲಾಖೆಯವರು. ನಕ್ಷತ್ರ ಆಮೆ ಮನೇಲಿ ಸಾಕೋದು ಅಪರಾಧ. ಫೋಟೋದಲ್ಲಿ ಇದ್ದದ್ದು ಹೋದ ವಾರ ಒಬ್ಬರ ಮನೇಲಿ ಹಿಡಿದದ್ದು."

ಆಕೆ ಕನ್ನಡಕ ಹಾಕಿಕೊಂಡು ಹಾಳೆಯನ್ನು ಎರಡು ಸಲ ಓದಿದಳು. ಮುಖ ಕೆಂಪೇರಿತು.

"ಚಿಪ್ಪು ನಯವಾಗಿದೆ ಅಂತ ಎಲ್ಲೂ ಬರೆದೇ ಇಲ್ವಲ್ರೀ! ಮೊದಲು ಅದನ್ನ ಸೇರಿಸಿ, ಆಮೇಲೆ ಸೈನ್ ಹಾಕ್ತೀನಿ."